ಬರುವ ವರ್ಷದ ಹನ್ನೆರಡು ಮಂದಿ

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಮಾತು ಬಂದರೆ ಎಲ್ಲರೂ ಮೊದಲು ಕೇಳುವದು, ಈ ಸಲ ಗೆಲ್ಲುವರೋ ಇಲ್ಲವೋ ಎಂದು. ತರಬೇತಿ ಕೊಡುವವರ ಚಿಂತೆಯೇ ಬೇರೆ. ಇದ್ದವರಲ್ಲಿ ಹೋಗುವವರು ಯಾರು, ಉಳಿಯುವವರು ಎಷ್ಟು, ಹೊಸಬರು ಬರುವದು ಎಲ್ಲಿಂದ? ಬೇಸಗೆಯ ರಜೆಯಲ್ಲಿಯೇ ಈ ಲೆಕ್ಕ ಕೂಡಿಸಬೇಕು. ಪ್ರೌಢಶಾಲೆಯಿಂದ ಮಕ್ಕಳನ್ನು ಕಳಿಸಿಕೊಡುವ ನನ್ನಂಥ ಮಾಸ್ತರನಿಗೂ ಅದರಲ್ಲಿ ಪಾಲುಂಟು.

ಈ ಆಟ ಹುಟ್ಟಿದ್ದೇ ಹಾಜರಿ ಪುಸ್ತಕದಿಂದ ಎನ್ನಬಹುದು. 1891 ರಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿ ಎರಡನ್ನು ಹತ್ತು ಅಡಿ ಎತ್ತರದಲ್ಲಿ ಬಡಿಸಿ, ಅದರೊಳಗೆ ಚಂಡು ಎಸೆಯಲು ಹೇಳಿದರು. ವರ್ಗದಲ್ಲಿದ್ದವರು 18 ಮಂದಿ. ಆದ್ದರಿಂದ ಪಕ್ಷಕ್ಕೆ ಒಂಬತ್ತು. ಐವರ ಆಟವಾದದ್ದು ಆಮೇಲೆ. ನಮ್ಮ ಬೆಟಗೇರಿಯಲ್ಲಿ ಬುಟ್ಟಿ ಎಂದೊಡನೆ ರೊಟ್ಟಿಯ ನೆನಪಾಗುವದು, ಅದಿರಲಿ.

ಇಂದು ಅಂಕಣದಲ್ಲಿ ಐವರು, ಪಟ್ಟಿಯಲ್ಲಿ ಹನ್ನೆರಡು. ಐದು ತಪ್ಪು ಮಾಡಿದವನು ಹೊರಗೆ ಕೂಡ್ರಬೇಕು. ಆಗ ಏಳನೆಯವನೋ ಎಂಟನೆಯವನೋ ಪಂದ್ಯ ಕಾಯಬೇಕಾಗುವದು. ನಮ್ಮ ರಾಜ್ಯದಲ್ಲಿ 2021 ರಲ್ಲಿ ನಾಲ್ಕನೆಯ ವರ್ಷಕ್ಕೂ ಬಾಗಿಲು ತೆರೆದ ಪದವಿ 2024 ರಲ್ಲಿ ಮರಳಿ ಮೂರೇ ವರ್ಷದ್ದಾಯಿತು. ಅಂತಿಮ ವರ್ಷದ ನಾಲ್ವರು ಒಮ್ಮೆಲೇ ಹೋಗಿ, ಅವರಲ್ಲಿ ಮೂವರು ಮೊದಲ ಐವರಲ್ಲಿದ್ದವರಾದರೆ, ಉಳಿದ ಎಂಟು ಬರಿಯ ಸಂಖ್ಯೆ. ಗೆಲುವು ಖಚಿತವಾದ ಪಂದ್ಯದ ಕೊನೆಯ ಹತ್ತು ನಿಮಿಷವೂ ಕಿರಿಯರನ್ನು ಇಳಿಸದ ತರಬೇತುದಾರನು ಬಿತ್ತನೆಯ ಜೋಳವನ್ನು ಬೀಸಿ ಉಂಡಂತೆ.

ಅಮೇರಿಕೆಯಲ್ಲಿ 2021 ರಿಂದ ಆಟಗಾರನು ಒಂದು ಕಾಲೇಜು ಬಿಟ್ಟು ಇನ್ನೊಂದನ್ನು ಸೇರಿ, ವರ್ಷ ಕಾಯದೆ ಆಡಬಹುದಾಗಿದೆ. ಖಾಲಿಯಾದ ಸ್ಥಾನಕ್ಕೆ ಪಳಗಿದವನನ್ನೇ ತರುವರು. ಗದಗಿನ ಕಾಲೇಜಿಗೋ, ಊರಿನವರನ್ನು ಬಿಟ್ಟರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ಸು ತಂದವರೇ ಗತಿ. ಅವರಲ್ಲಿ ಅನೇಕರು ಕಬಡ್ಡಿ, ಖೋ ಖೋ ಆಡಿ ಬಂದವರು. ಇದನ್ನು ನಾನು ಕೊರತೆ ಎನ್ನಲಾರೆ. ಖೋ ಖೋದಲ್ಲಿ ಕಣ್ಣು ತಪ್ಪಿಸಿ ಓಡಿದವನಿಗೆ ಚಂಡು ಪುಟಿಸುವದನ್ನು ಕಲಿಸಬಹುದು. ಎತ್ತರವೊಂದನ್ನೇ ನೋಡಿ ಆರಿಸಿದವನಿಗೆ ಆ ಚುರುಕು ಕಲಿಸುವದು ಕಷ್ಟ.

ನಿಜವಾದ ತೊಡಕು ಇರುವದು ಸಂಜೆಯಲ್ಲಿ. ಅಭ್ಯಾಸ ಐದಕ್ಕೆ ತೊಡಗಿದರೆ ಮುಂಡರಗಿಯ ಹುಡುಗಿ ಮನೆ ಮುಟ್ಟುವದು ಕತ್ತಲಾದ ಮೇಲೆ. ಎರಡು ದಿನ ತಾಯಿ ಬಾಗಿಲಲ್ಲಿ ನಿಂತು ಹಾದಿ ಕಾಯುವಳು. ಮೂರನೆಯ ದಿನ ತಂದೆ "ಆಟ ಸಾಕವ್ವಾ" ಎನ್ನುವನು. ಆ ಅಂಜಿಕೆಯನ್ನು ತಪ್ಪೆನ್ನುವದು ಹೇಗೆ? ಆದರೆ ಪಟ್ಟಿಯಿಂದ ಒಂದು ಹೆಸರು ಹೋಯಿತಷ್ಟೆ. 2017 ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಕಝಕಸ್ತಾನವನ್ನು 75-73 ರಿಂದ ಸೋಲಿಸಿ ಏಶಿಯಾ ಕಪ್ಪಿನ 'ಬಿ' ವಿಭಾಗ ಗೆದ್ದರು. ಎರಡೇ ಅಂಕ! ಇಂಥ ಆಟದಲ್ಲಿ ಒಬ್ಬಳು ಕಡಿಮೆಯಾದರೆ ಸಣ್ಣ ಮಾತಲ್ಲ.

ಗದಗಿನವರೇ ಆದ ಸುನೀಲ ಜೋಶಿಯವರು ಶಾಲೆಯ ದಿನಗಳಲ್ಲಿ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರು. 1996 ರಲ್ಲಿ ಭಾರತದ ಪರ ಟೆಸ್ಟ್ ಆಡಿದರು. ಬೆಳಗಿನ ಅಭ್ಯಾಸ ಆಗದ ಮಾತಲ್ಲ. ಮೊದಲ ಬಸ್ಸಿಗೆ ಬಂದು, ಒಂದು ತಾಸು ಆಡಿ, ಬುತ್ತಿ ಬಿಚ್ಚಿ ಉಂಡು ಪಾಠಕ್ಕೆ ಕೂಡ್ರಬಹುದು. ಪ್ರವೇಶದ ಅರ್ಜಿ ತುಂಬಿಸಿಕೊಳ್ಳುವಾಗಲೇ ಕಾಲೇಜಿನವರು ಯಾವ ಊರು, ಯಾವ ಬಸ್ಸು ಎಂದು ಕೇಳಿ ಬರೆದುಕೊಳ್ಳಲಿ. ನಿಮ್ಮ ಮನೆಯ ಮಗಳೋ ತಂಗಿಯೋ ಆಡುವವಳಿದ್ದರೆ, ಅಭ್ಯಾಸ ಬೆಳಗ್ಗೆಯೋ ಸಂಜೆಯೋ ಎಂಬುದನ್ನು ಅಂದೇ ನೀವೂ ಕೇಳಿರಿ.