ಕೋಳಿಯ ಗರಿ ಹೋದಾಗ ಮೊದಲು ನೋಡಬೇಕಾದದ್ದು
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟ್ರಿಗೂ ಕೋಳಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧವಿದೆ. ನಾನು ಸರಿಯಾಗಿ ನೋಡದೆ ಹೇಳಿದ ಒಂದು ಮಾತಿನಿಂದ ನಮ್ಮ ಮನೆಯಲ್ಲೇ ಒಂಬತ್ತು ಹೇಂಟೆಗಳು ಸತ್ತವು. ಅದನ್ನು ಹೇಳಿಯೇ ಮುಂದಿನ ಮಾತಿಗೆ ಹೋಗುತ್ತೇನೆ.

ಊರಿನಲ್ಲಿ ನಮ್ಮ ಅತ್ತಿಗೆ 40 ಹೇಂಟೆಗಳನ್ನು ಸಾಕಿದ್ದರು. ಮೊಟ್ಟೆ ಮಾರಿ ಬಂದ ಹಣದಲ್ಲಿ ಮಗಳ ಹಾಸ್ಟೆಲ್ ಖರ್ಚು ನಡೆಯುತ್ತಿತ್ತು. ಹಗಲೆಲ್ಲ ತಿಪ್ಪೆ, ಹಿತ್ತಲು ಕೆದಕಿಕೊಂಡಿದ್ದ ಕೋಳಿಗಳು ಪಕ್ಕದವರ ಸೊಪ್ಪಿನ ಮಡಿಗೆ ನುಗ್ಗಿದವೆಂದು ಜಗಳವಾಯಿತು. ಅತ್ತಿಗೆ ಅವನ್ನು ಕೊಟ್ಟಿಗೆಯ ಮೂಲೆಯಲ್ಲಿ ಜಾಲರಿ ಕಟ್ಟಿ ಕೂಡಿಹಾಕಿದರು. ಆ ವರ್ಷ ಮುಸುಕಿನ ಜೋಳ ಚೆನ್ನಾಗಿ ಬಂದಿತ್ತು. ಅದನ್ನೇ ನುಚ್ಚು ಮಾಡಿ ಹಾಕತೊಡಗಿದರು. ಮೂರು ವಾರದಲ್ಲಿ ಹಲವು ಕೋಳಿಗಳ ಬೆನ್ನು ಬೋಳಾಯಿತು.

ರಜೆಗೆ ಹೋದಾಗ ಅತ್ತಿಗೆ, "ನೀನು ಡಾಕ್ಟರಲ್ಲವೇನಪ್ಪಾ, ಇವಕ್ಕೇನಾಗಿದೆ ನೋಡು" ಎಂದರು. ನನ್ನ ಡಾಕ್ಟರ್ ಪದವಿ ರಾಗಿಗೆ ಕೊಡುವ ಸಾರಜನಕದ ಮೇಲೆ! ಆದರೂ ಬಾಗಿಲಲ್ಲೇ ನಿಂತು, "ಗರಿ ಬದಲಾಯಿಸುವ ಕಾಲ ಅತ್ತಿಗೆ, ತಾನೇ ಬರುತ್ತೆ ಬಿಡಿ" ಎಂದುಬಿಟ್ಟೆ. ಒಂದು ಕೋಳಿಯನ್ನೂ ಕೈಗೆತ್ತಿಕೊಳ್ಳಲಿಲ್ಲ. ಹತ್ತು ದಿನದೊಳಗೆ ಒಂಬತ್ತು ಹೇಂಟೆಗಳನ್ನು ಉಳಿದವೇ ಕುಕ್ಕಿ ಕುಕ್ಕಿ ಕೊಂದಿದ್ದವು.

ಪೈರಿನ ಎಲೆ ಹಳದಿಯಾದರೆ ನಾವು ಏನು ಮಾಡುತ್ತೇವೆ? ಹಳದಿಯಾದದ್ದು ಹಳೆಯ ಎಲೆಯೋ ಹೊಸ ಎಲೆಯೋ, ಅಂಚೋ ನರವೋ ಎಂದು ನೋಡುತ್ತೇವೆ. ಅದರ ಮೇಲೆ ಗೊಬ್ಬರದ ಕೊರತೆಯೋ ರೋಗವೋ ಎಂದು ಹೇಳುತ್ತೇವೆ. ಗರಿಯನ್ನೂ ಹಾಗೆಯೇ ಓದಬೇಕು. ಗರಿ ಹೋಗಿದೆ ಎನ್ನುವುದಕ್ಕಿಂತ ಎಲ್ಲಿ ಹೋಗಿದೆ ಎನ್ನುವುದು ಮುಖ್ಯ.

ಗುರುತಿಸುವುದು ಹೇಗೆ?

1. ಗರಿ ಬದಲಾವಣೆ: ಇದು ಸಹಜ. ಸಾಮಾನ್ಯವಾಗಿ ತಲೆ, ಕತ್ತಿನಿಂದ ಆರಂಭವಾಗಿ ಮೈಗೆ, ರೆಕ್ಕೆಗೆ ಇಳಿಯುತ್ತದೆ. ಮೊಟ್ಟೆ ನಿಲ್ಲುತ್ತದೆ ಇಲ್ಲವೇ ಬಹಳ ಕಡಿಮೆಯಾಗುತ್ತದೆ. ನೆಲದ ತುಂಬ ಗರಿ ಬಿದ್ದಿರುತ್ತದೆ. ಚರ್ಮದಲ್ಲಿ ಮುಳ್ಳಿನಂತೆ ಹೊಸ ಗರಿ ಮೂಡುತ್ತಿರುವುದು ಕೈಗೆ ತಾಗುತ್ತದೆ.

2. ಹುಂಜದ ತುಳಿತ: ಹೇಂಟೆಯ ತಲೆಯ ಹಿಂಭಾಗ ಮತ್ತು ಬೆನ್ನಿನ ಮೇಲೆ ಮಾತ್ರ ಗರಿ ಸವೆದಿರುತ್ತದೆ. ಹುಂಜಗಳು ಹೆಚ್ಚಾಗಿರುವ ಗುಂಪಿನಲ್ಲಿ ಇದು ಸಾಮಾನ್ಯ. 8 ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು.

3. ಹೇನು, ನುಸಿ: ಗುದದ್ವಾರದ ಸುತ್ತಲಿನ ಗರಿ ಬಿಡಿಸಿ ನೋಡಿ. ಹೇನು ಓಡಾಡುವುದು, ಗರಿಯ ಬುಡದಲ್ಲಿ ಸೀರು ಗಂಟುಗಟ್ಟಿರುವುದು ಕಾಣುತ್ತದೆ. ಕೆಂಪು ನುಸಿ ಹಗಲು ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಆದ್ದರಿಂದ ಕತ್ತಲಾದ ಮೇಲೆ ದೀಪ ಹಿಡಿದು ನೋಡಬೇಕು.

4. ಒಂದನ್ನೊಂದು ಕುಕ್ಕುವುದು: ಬೆನ್ನು, ಬಾಲದ ಬುಡ, ಗುದದ್ವಾರದ ಬಳಿ ಬೋಳಾಗಿ, ತುಂಡಾದ ಗರಿಯ ಬುಡ ಉಳಿದಿರುತ್ತದೆ. ಮೊಟ್ಟೆ ಬರುತ್ತಲೇ ಇರಬಹುದು. ನೆಲದ ಮೇಲೆ ಗರಿ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಕಿತ್ತ ಗರಿಯನ್ನು ಕೋಳಿಗಳು ತಿಂದುಬಿಡುತ್ತವೆ. ಪಂಜರದ ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವುದುಂಟು. ಅದರ ಕೊಕ್ಕಿಗೆ ಎಟುಕದ ತಲೆ ಮಾತ್ರ ನೆಟ್ಟಗಿರುತ್ತದೆ. ಕೋಳಿಯಲ್ಲಿ ಹೆಚ್ಚಾಗಿ ಕೀಳುವುದು ಜೊತೆಯ ಕೋಳಿ.

ನಮ್ಮ ಮನೆಯ ಕೋಳಿಗಳ ಕತ್ತಿನ ಗರಿ ನೆಟ್ಟಗಿತ್ತು, ಮೊಟ್ಟೆ ನಿಂತಿರಲಿಲ್ಲ, ನೆಲದಲ್ಲಿ ಗರಿಯಿರಲಿಲ್ಲ. ಮೂರು ಗುರುತುಗಳೂ ಕಣ್ಣೆದುರಿಗೇ ಇದ್ದವು.

ಕುಕ್ಕುವುದೇಕೆ?

ಬಿಟ್ಟ ಕೋಳಿ ಹಗಲಿನ ಬಹುಪಾಲು ನೆಲ ಕೆದಕಿ ಕುಕ್ಕುತ್ತಲೇ ಇರುತ್ತದೆ. ಬರಿಯ ನೆಲದ ಮೇಲೆ ಕೂಡಿಹಾಕಿದರೆ ಆ ಕೆಲಸ ತಪ್ಪುತ್ತದೆ, ಕೊಕ್ಕು ಪಕ್ಕದ ಕೋಳಿಯ ಗರಿಗೆ ಹೋಗುತ್ತದೆ. ಒಮ್ಮೆ ರಕ್ತ ಕಂಡರೆ ಇಡೀ ಗುಂಪೇ ಮುತ್ತುತ್ತದೆ.

ಎರಡನೆಯದು ಇಕ್ಕಟ್ಟು. ನೆಲದ ಮೇಲೆ ಸಾಕುವ ಮೊಟ್ಟೆಕೋಳಿಗೆ ತಲಾ 2 ಚದರ ಅಡಿಯಾದರೂ ಬೇಕು. 40 ಕೋಳಿಗೆ 80 ಚದರ ಅಡಿ. ನಮ್ಮ ಕೊಟ್ಟಿಗೆಯ ಮೂಲೆ 8 ಅಡಿಗೆ 6 ಅಡಿ, ಅಂದರೆ 48 ಚದರ ಅಡಿ ಮಾತ್ರ.

ಮೂರನೆಯದು ಆಹಾರ. ಗರಿಯ ಬಹುಭಾಗ ಸಸಾರಜನಕವೇ. ಮೊಟ್ಟೆಕೋಳಿಯ ಆಹಾರದಲ್ಲಿ ಶೇ. 16 ರಿಂದ 18 ಸಸಾರಜನಕವಿರಬೇಕು. ಮುಸುಕಿನ ಜೋಳದಲ್ಲಿ ಇರುವುದು ಶೇ. 8 ರಿಂದ 9, ಅದರಲ್ಲೂ ಲೈಸಿನ್ ಕಡಿಮೆ. ಜೋಳ ಶಕ್ತಿ ಕೊಡುತ್ತದೆ, ಆದರೆ ಅದೊಂದೇ ಸಾಲದು. ಕಡಲೆಕಾಯಿ ಹಿಂಡಿ ಸೇರಿಸಿದರೂ ಮೆಥಿಯೊನಿನ್ ಕೊರತೆ ಉಳಿಯುತ್ತದೆ. ಎಳ್ಳಿನ ಹಿಂಡಿ, ಸೂರ್ಯಕಾಂತಿ ಹಿಂಡಿಗಳಲ್ಲಿ ಅದು ಹೆಚ್ಚಿದೆ. ಒಣಮೀನಿನ ಪುಡಿಯಲ್ಲಿ ಎರಡೂ ಇವೆ. ಉಪ್ಪಿನ ಕೊರತೆಯಿಂದಲೂ ಕುಕ್ಕುವ ಚಟ ಬರುತ್ತದೆ.

ಮಾಡಬೇಕಾದ ಕೆಲಸ

ಗಾಯಗೊಂಡ ಕೋಳಿಯನ್ನು ಆ ಹೊತ್ತೇ ಬೇರೆ ಮಾಡಿ. ಗಾಯಕ್ಕೆ ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿ. ಪೂರ್ತಿ ಮಾಯುವವರೆಗೆ ಗುಂಪಿಗೆ ಬಿಡಬೇಡಿ.

ಅರ್ಧ ಗಂಟೆ ಸದ್ದಿಲ್ಲದೆ ಕುಳಿತು ನೋಡಿ. ಕುಕ್ಕುವ ಚಟದವು ಕೆಲವೇ ಇರುತ್ತವೆ. ಹಲವು ಸಲ ಅವುಗಳದೇ ಗರಿ ನೆಟ್ಟಗಿರುತ್ತದೆ. ಅವನ್ನೂ ಬೇರೆ ಇಡಿ.

ನೆಲಕ್ಕೆ ಮೂರು ನಾಲ್ಕು ಅಂಗುಲ ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹಾಸಿ, ಅದರೊಳಗೆ ಒಂದು ಹಿಡಿ ಕಾಳು ಎರಚಿ. ನುಗ್ಗೆ ಸೊಪ್ಪು, ಕುದುರೆ ಮಸಾಲೆ ಸೊಪ್ಪನ್ನು ಕತ್ತಿನ ಎತ್ತರಕ್ಕೆ ಕಟ್ಟಿ ತೂಗುಬಿಡಿ. ಐದು ಹೇಂಟೆಗೆ ಒಂದರಂತೆ ಮಬ್ಬುಗತ್ತಲಿನ ಮೊಟ್ಟೆಗೂಡು ಇಡಿ. ನೇರ ಬಿಸಿಲು ಬೀಳುವ ಕಡೆ ಗೋಣಿತಾಟು ಕಟ್ಟಿ. ಆಹಾರ ಬದಲಾಯಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ.

ಹೇನಿದ್ದರೆ ಬೂದಿ, ಮರಳು ಬೆರೆಸಿದ ಗುಂಡಿಯಲ್ಲಿ ಹೊರಳಲು ಬಿಡಿ, ಗೂಡಿನ ಸಂದಿಗಳಿಗೆ ಸುಣ್ಣ ಬಳಿಯಿರಿ. ಕಡಿಮೆಯಾಗದಿದ್ದರೆ ಪಶುವೈದ್ಯರನ್ನು ಕೇಳಿ ಔಷಧ ತನ್ನಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಮಾತ್ರ ಕೋಳಿಗೆ ಮುಟ್ಟಿಸಬೇಡಿ. ಹಿಂದೆ ಬಿ.ಎಚ್.ಸಿ. ಪುಡಿ ಉದುರಿಸುವ ರೂಢಿಯಿತ್ತು. 1997 ರಲ್ಲಿ ಅದು ನಿಷೇಧವಾಯಿತು. ಇಂಥ ವಿಷ ಮೊಟ್ಟೆಯ ಮೂಲಕ ನಮ್ಮ ಮಕ್ಕಳ ಹೊಟ್ಟೆಗೇ ಬರುತ್ತದೆ.

ಬುಡಸಹಿತ ಕಿತ್ತ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಮುರಿದ ಗರಿ ಮಾತ್ರ ಮುಂದಿನ ಗರಿ ಬದಲಾವಣೆಯವರೆಗೆ ಹಾಗೆಯೇ ಇರುತ್ತದೆ. ಅವಸರಪಡಬೇಡಿ. ಹೊಸದಾಗಿ ಯಾವ ಕೋಳಿಯೂ ಬೋಳಾಗುತ್ತಿಲ್ಲವೆಂದರೆ ನೀವು ಗೆದ್ದಂತೆ.

ನಮ್ಮ ಅಣ್ಣ ಕೊಟ್ಟಿಗೆಯ ಜಾಲರಿಯನ್ನು ಹಿತ್ತಲಿನವರೆಗೆ ಮುಂದುವರಿಸಿದರು. ಜೋಳದ ಜೊತೆಗೆ ಹಿಂಡಿ, ಒಣಮೀನು, ಸೊಪ್ಪು ಸೇರಿದವು. ಉಳಿದ 31 ಹೇಂಟೆಗಳು ಉಳಿದುಕೊಂಡವು. ಅತ್ತಿಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಈಗ ಊರಿಗೆ ಹೋದಾಗ ಯಾರಾದರೂ ಕೋಳಿ ತೋರಿಸಿದರೆ, ಮೊದಲು ಅದನ್ನು ಕೈಗೆತ್ತಿಕೊಂಡು ಗರಿ ಬಿಡಿಸಿ ನೋಡುತ್ತೇನೆ. ಆಮೇಲೆ ಮಾತು. ನೀವೂ ಹಾಗೆಯೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ.