ಜಾತ್ರೆಯ ಬಣ್ಣದ ಮರಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

ನಾನು ಪಶುವೈದ್ಯನಾಗಿ ದುಡಿದು ನಿವೃತ್ತನಾದವನು. ದಯೆಯ ಬಗ್ಗೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ, ತತ್ವ ಹೇಳುವಷ್ಟು ನಾನು ಓದಿಲ್ಲ, ಒಂದು ಕೋಳಿಮರಿಯ ವಿಚಾರ ಹೇಳುತ್ತೇನೆ ಎಂದೆ. ಮಠದಲ್ಲಿ ಕೋಳಿಯ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಮೊಟ್ಟೆ ತಿನ್ನಬೇಕೋ ಬಾರದೋ ಎಂಬುದು ಇಂದಿನ ವಿಷಯವಲ್ಲ. ತಿನ್ನದವರ ಮನೆಗೂ ಆ ಮರಿ ಬರುತ್ತದೆ. ನಮ್ಮ ಮನೆಗೂ ಬಂದಿತ್ತು.

ಹೋದ ವರ್ಷ ನಮ್ಮೂರ ಜಾತ್ರೆಯಲ್ಲಿ ಮೊಮ್ಮಗಳು ಗುಲಾಬಿ ಬಣ್ಣ ಹಚ್ಚಿದ ಒಂದು ಕೋಳಿಮರಿ ಕೊಂಡು ತಂದಳು. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಮಲಗಿಸಿದಳು. "ಅಜ್ಜಾ, ಇದರ ಅವ್ವ ಎಲ್ಲೈತಿ?" ಎಂದು ಕೇಳಿದಳು. ಮೂರನೆಯ ದಿನ ಮರಿ ಸತ್ತಿತು. ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಹೇಳಲಾಗಲಿಲ್ಲ. ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಈಗಿನ ಕೋಳಿ ಸಾಕಣೆಯಲ್ಲಿ ಮಾಂಸಕ್ಕೆ ಬ್ರಾಯ್ಲರ್, ಮೊಟ್ಟೆಗೆ ಲೇಯರ್ ಎಂದು ತಳಿಗಳೇ ಬೇರೆ. ಲೇಯರ್ ತಳಿಯಲ್ಲಿ ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನಂತೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಸಾಕಿದರೆ ನಷ್ಟ. ಹಾಗಾಗಿ ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ, ಅನಿಲದಿಂದಲೋ ತಿರುಗುವ ಅಲಗಿನ ಯಂತ್ರದಿಂದಲೋ ಕೊಲ್ಲುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು ಹೀಗೆ ಸಾಯುತ್ತವೆಂದು ಅಂದಾಜು. ನಮ್ಮಲ್ಲಿ ಅಂಥ ಗಂಡುಮರಿಗಳಲ್ಲಿ ಕೆಲವು ಬಣ್ಣ ಹಚ್ಚಿಸಿಕೊಂಡು ಸಂತೆಗೆ, ಜಾತ್ರೆಗೆ ಬರುತ್ತವೆ.

ನಾನು ಇದನ್ನು ಕಣ್ಣಾರೆ ಕಂಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹ್ಯಾಚರಿಗೆ ತಪಾಸಣೆಗೆ ಹೋಗಿದ್ದೆ. ಹೆಣ್ಣುಮರಿಗಳು ಲಸಿಕೆಗೆ ಹೋಗುತ್ತಿದ್ದವು. ಗಂಡುಮರಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಚೀಲ ಚಿಂವ್‌ಗುಡುತ್ತಿತ್ತು. ರಿಜಿಸ್ಟರಿನಲ್ಲಿ ಅವುಗಳ ಲೆಕ್ಕ 'ತ್ಯಾಜ್ಯ' ಎಂಬ ಕಾಲಮ್ಮಿನಲ್ಲಿತ್ತು. ನಾನು ಕೆಳಗೆ ಸಹಿ ಹಾಕಿ ಚಹಾ ಕುಡಿದು ಬಂದೆ. ರೋಗವಿಲ್ಲದ ಜೀವ ತ್ಯಾಜ್ಯ ಹೇಗಾಯಿತು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಆ ಪ್ರಶ್ನೆಯನ್ನು ಜರ್ಮನಿಯವರು ಕೇಳಿದರು. ಸಕಾರಣವಿಲ್ಲದೆ ಪ್ರಾಣಿಗೆ ನೋವು, ಹಾನಿ ಮಾಡಕೂಡದು ಎಂದು ಅವರ ಕಾನೂನು ಹೇಳುತ್ತದೆ. ಲಾಭ ಸಿಗುವುದಿಲ್ಲ ಎಂಬುದು ಸಕಾರಣವೇ? 2013ರಲ್ಲಿ ಅಲ್ಲಿನ ಒಂದು ರಾಜ್ಯ ಮರಿಗಳನ್ನು ಕೊಲ್ಲಬಾರದೆಂದು ಆದೇಶಿಸಿತು. ಹ್ಯಾಚರಿಯವರು ನ್ಯಾಯಾಲಯಕ್ಕೆ ಹೋದರು. 2019ರ ಜೂನ್‌ನಲ್ಲಿ ಲೈಪ್ಜಿಗ್‌ನ ಉನ್ನತ ಆಡಳಿತ ನ್ಯಾಯಾಲಯವು, ಹಣದ ಲೆಕ್ಕವೊಂದೇ ಸಕಾರಣವಾಗದು, ಆದರೆ ಬೇರೆ ದಾರಿ ಸಿದ್ಧವಾಗುವವರೆಗೆ ಅವಕಾಶವಿರಲಿ ಎಂದಿತು. 2022ರ ಜನವರಿ 1ರಿಂದ ಅಲ್ಲಿ ಸಂಪೂರ್ಣ ನಿಷೇಧ ಬಂತು. ಅದುವರೆಗೆ ಆ ಒಂದೇ ದೇಶದಲ್ಲಿ ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ ಮರಿಗಳು ಸಾಯುತ್ತಿದ್ದವು.

ಆ ಬೇರೆ ದಾರಿ ಎಂದರೆ, ಮರಿ ಹೊರಬರುವ ಮೊದಲೇ ಮೊಟ್ಟೆಯೊಳಗಿನದು ಗಂಡೋ ಹೆಣ್ಣೋ ತಿಳಿಯುವುದು. ಕೋಳಿಮೊಟ್ಟೆಗೆ 21 ದಿನ ಕಾವು ಬೇಕು. ಒಂಬತ್ತನೆಯ ದಿನ ಲೇಸರ್‌ನಿಂದ ಚಿಪ್ಪಿಗೆ ಕೂದಲೆಳೆಯಷ್ಟು ಸಣ್ಣ ತೂತು ಮಾಡಿ, ಒಂದು ಹನಿ ದ್ರವ ತೆಗೆದು, ಅದರಲ್ಲಿ ಹೆಣ್ಣಿನ ಹಾರ್ಮೋನು ಇದೆಯೇ ನೋಡುವುದು ಒಂದು ವಿಧಾನ. ಈ ರೀತಿ ಪರೀಕ್ಷಿಸಿದ ಕೋಳಿಗಳ ಮೊಟ್ಟೆ 2018ರಲ್ಲಿ ಬರ್ಲಿನ್ ಅಂಗಡಿಗಳಿಗೆ ಬಂತು. ಇನ್ನೊಂದರಲ್ಲಿ ತೂತೇ ಇಲ್ಲ. ಗರಿ ಮೂಡತೊಡಗಿದ ಮೇಲೆ ಚಿಪ್ಪಿನ ಮೂಲಕ ಬೆಳಕು ಹಾಯಿಸಿ, ಕ್ಯಾಮೆರಾದಿಂದ ಗರಿಯ ಬಣ್ಣ ಗುರುತಿಸುತ್ತಾರೆ. ಆದರೆ ಇದು ಗಂಡು ಹೆಣ್ಣಿನ ಗರಿಬಣ್ಣ ಬೇರೆಯಿರುವ ಕಂದು ತಳಿಗಳಿಗೆ ಮಾತ್ರ ಒಗ್ಗುತ್ತದೆ. ಹೆಣ್ಣು ಮೊಟ್ಟೆ ಕಾವಿಗೆ ಮರಳುತ್ತದೆ, ಗಂಡು ಮೊಟ್ಟೆ ಪಶು ಆಹಾರವಾಗುತ್ತದೆ.

ಇಲ್ಲಿ ಒಬ್ಬ ತಾಯಿ ಎದ್ದು ಕೇಳಬಹುದು: ಭ್ರೂಣಲಿಂಗ ಪತ್ತೆಯೇ ಪಾಪವೆಂದು ನಾವು ಸಾರುತ್ತಿರುವಾಗ ಇದನ್ನು ಹೊಗಳುತ್ತೀರಾ? ನ್ಯಾಯವಾದ ಪ್ರಶ್ನೆ. ಮನುಷ್ಯರಲ್ಲಿ ಆ ಪತ್ತೆಯೇ ಹೆಣ್ಣುಕೂಸಿನ ಸಾವಿಗೆ ದಾರಿಯಾಯಿತು. ಹಾಗಾಗಿಯೇ 1994ರಲ್ಲಿ ಅದರ ವಿರುದ್ಧ ಕಾನೂನು ಬಂತು. ಕೋಳಿಯ ಮಾತು ಬೇರೆ. ಇಲ್ಲಿ ಸಾವು ಮೊದಲೇ ನಿಶ್ಚಯವಾಗಿದೆ. ಪರೀಕ್ಷೆಯು ಅದನ್ನು ನೋವು ತಿಳಿಯುವ ಹೊತ್ತಿಗಿಂತ ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ಆ ಹೊತ್ತು ಯಾವುದೆಂದು ಜರ್ಮನಿಯಲ್ಲಿ ಬಹಳ ಚರ್ಚೆಯಾಯಿತು. ಆರನೆಯ ದಿನದ ನಂತರ ಬೇಡವೆಂದು ಮೊದಲು ಗೊತ್ತುಮಾಡಿದ್ದರು. ಹದಿಮೂರನೆಯ ದಿನದವರೆಗೆ ನೋವಿನ ಅರಿವಿರುವುದಿಲ್ಲವೆಂದು ಸಂಶೋಧನೆ ತಿಳಿಸಿದ ಮೇಲೆ ಹನ್ನೆರಡನೆಯ ದಿನದವರೆಗೆ ಅವಕಾಶ ಕೊಟ್ಟರು.

ಇದು ಪೂರ್ಣ ದಯೆಯೆಂದು ನಾನು ಹೇಳಲಾರೆ. ಗಂಡಿಗೆ ಬೆಲೆಯಿಲ್ಲದ ತಳಿ ಹಾಗೆಯೇ ಉಳಿಯುತ್ತದೆ. ಅದಕ್ಕೇ ಅಲ್ಲಿ ಕೆಲವರು ಗಂಡುಮರಿಗಳನ್ನೂ ಸಾಕಿ, ಆ ಖರ್ಚನ್ನು ಮೊಟ್ಟೆಯ ಬೆಲೆಗೆ ಸೇರಿಸುತ್ತಾರೆ. ನಮ್ಮಲ್ಲೂ ಒಂದು ದಾರಿಯಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯಲ್ಲಿ ಹೇಂಟೆ ಮೊಟ್ಟೆಗೂ ಹುಂಜ ಮಾಂಸಕ್ಕೂ ಆಗುತ್ತದೆ. ಮೊಟ್ಟೆ ಲೇಯರ್‌ಗಿಂತ ಕಡಿಮೆ. ಆದರೆ ಹುಟ್ಟಿದ ದಿನವೇ ಚೀಲ ಸೇರಬೇಕಾದ ಮರಿ ಅದರಲ್ಲಿಲ್ಲ.

ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಅನಗತ್ಯ ನೋವು ಕೂಡದೆನ್ನುತ್ತದೆ. ಯಾವುದು ಅನಗತ್ಯ ಎಂದು ಕೇಳುವವರು ಬೇಕು. ಜರ್ಮನಿಯ ಯಂತ್ರ ನಮ್ಮೂರಿಗೆ ನಾಳೆಯೇ ಬರಲಿಕ್ಕಿಲ್ಲ. ಆದರೆ ಬರುವ ಜಾತ್ರೆಯಲ್ಲಿ ಬಣ್ಣದ ಮರಿ ಮಾರುವ ಬುಟ್ಟಿಗೆ ಜಾಗ ಕೊಡದಿರುವುದು ನಮ್ಮ ಸಮಿತಿಯ ಕೈಯಲ್ಲೇ ಇದೆ. ಮಾರುವವನ ಹೊಟ್ಟೆಪಾಡಿಗೆ ಬಲೂನೋ ಗಿರಗಿಟ್ಟೆಯೋ ಮಾರಲು ಅದೇ ಜಾಗ ಬಾಡಿಗೆಯಿಲ್ಲದೆ ಕೊಡೋಣ. ಕೋಳಿ ಸಾಕುವ ಭಕ್ತರು ಮರಿ ತರುವಾಗ, ಇದರ ಜೊತೆ ಹುಟ್ಟಿದ ಗಂಡುಮರಿ ಏನಾಯಿತು ಎಂದು ಒಮ್ಮೆ ಕೇಳಲಿ.

ನಾನು ಆ ದಿನ ಕೇಳದೆ ಸಹಿ ಹಾಕಿದೆ. ಆ ಋಣ ನನ್ನ ಮೇಲಿದೆ. ಮೊಮ್ಮಗಳು ಈ ವರ್ಷವೂ ಜಾತ್ರೆಗೆ ಬರುತ್ತಾಳೆ. ಅಷ್ಟರೊಳಗೆ ಇಷ್ಟಾದರೂ ಆಗಲೆಂದು ಪೂಜ್ಯರಲ್ಲಿ, ತಮ್ಮೆಲ್ಲರಲ್ಲಿ ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.