ಹ್ಯಾಂಬರ್ಗಿನ ಆರ್ಗನ್: ಯಾವುದು ಹಳತು, ಯಾವುದು ಹೊಸತು?

ಹಳೆಯ ವಾದ್ಯವೊಂದರ ಜೀರ್ಣೋದ್ಧಾರದಲ್ಲಿ ಎಷ್ಟು ಹೊಸದು ಸೇರಿದರೆ ಅದರ ಹಳೆತನ ಅಳಿಯುತ್ತದೆ? ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಸೇಂಟ್ ಯಾಕೋಬಿ ಚರ್ಚಿನ ಪೈಪ್ ಆರ್ಗನ್ ಈ ಪ್ರಶ್ನೆಗೆ ಉತ್ತರ ಕೊಡಬಲ್ಲದು. ಆರ್ಪ್ ಶ್ನಿಟ್ಗರ್ 1689ರಿಂದ 1693ರ ನಡುವೆ ಅದನ್ನು ಕಟ್ಟಿದ. ಕೈಗೆ ನಾಲ್ಕು ಕೀಲಿಮಣೆ, ಕಾಲಿಗೆ ಪೆಡಲ್, 60 ಸ್ಟಾಪ್‌ಗಳು (ಬೇರೆ ಬೇರೆ ನಾದದ ಕೊಳವೆಸಾಲುಗಳು), ಸುಮಾರು 4000 ಕೊಳವೆಗಳು. ತಿದಿಗಳಿಂದ ಬಂದ ಗಾಳಿ ಗಾಳಿಪೆಟ್ಟಿಗೆಯಲ್ಲಿ ತುಂಬಿರುತ್ತದೆ; ಕೀಲಿ ಒತ್ತಿದಾಗ ಕವಾಟ ತೆರೆದು ಕೊಳವೆ ನುಡಿಯುತ್ತದೆ. ಶ್ನಿಟ್ಗರ್ ಕೂಡ ಎಲ್ಲವನ್ನೂ ಹೊಸದಾಗಿ ಮಾಡಲಿಲ್ಲ. ಅಲ್ಲಿದ್ದ ಹಿಂದಿನ ಆರ್ಗನ್‌ನ ಹಲವು ಕೊಳವೆಗಳನ್ನು ಉಳಿಸಿಕೊಂಡ. 1720ರಲ್ಲಿ ಸಂಗೀತ ರಚನಕಾರ ಬಾಖ್ ಈ ಚರ್ಚಿನ ವಾದಕ ಹುದ್ದೆಯನ್ನು ಬಯಸಿದ್ದ. ಅದು ಚರ್ಚಿಗೆ ದೊಡ್ಡ ಮೊತ್ತ ಕೊಟ್ಟ ಇನ್ನೊಬ್ಬನ ಪಾಲಾಯಿತು.

ಇಪ್ಪತ್ತನೆಯ ಶತಮಾನ ಈ ವಾದ್ಯವನ್ನು ಎರಡು ಬಾರಿ ಘಾಸಿಗೊಳಿಸಿತು. 1917ರಲ್ಲಿ ಮುಂಭಾಗದ ತವರದ ಕೊಳವೆಗಳು ಯುದ್ಧದ ಲೋಹಕ್ಕಾಗಿ ಹೋದವು. ಮುಂದೆ ಲೇಖಕ, ಆರ್ಗನ್ ತಜ್ಞ ಹಾನ್ಸ್ ಹೆನ್ನಿ ಯಾನ್ ಈ ವಾದ್ಯದ ಮೌಲ್ಯವನ್ನು ಜನರಿಗೆ ತಿಳಿಸಿಕೊಟ್ಟ. 1944ರ ಬಾಂಬ್ ದಾಳಿಯಲ್ಲಿ ಮರದ ಕವಚವೂ ತಿದಿಗಳೂ ನಾಶವಾದವು. ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇರಿಸಿದ್ದರಿಂದ ಅವು ಉಳಿದವು. 1993ರಲ್ಲಿ ಆರ್ಗನ್ ನಿರ್ಮಾತೃ ಯೂರ್ಗನ್ ಆರೆಂಡ್ ಜೀರ್ಣೋದ್ಧಾರವನ್ನು ಮುಗಿಸಿದಾಗ ಕವಚ, ಮುಂಭಾಗದ ಕೊಳವೆಗಳು ಹೊಸದಾಗಿ ಬಂದವು.

ಹಾಗಾದರೆ ಕಣ್ಣಿಗೆ ಕಾಣುವುದೆಲ್ಲ ನಕಲಲ್ಲವೇ ಎಂದು ಕೇಳಬಹುದು. ನೋಟದ ಮಟ್ಟಿಗೆ ಈ ಆಕ್ಷೇಪ ಸರಿ. ಆದರೆ ವಾದ್ಯದ ಗುರುತು ನಾದದಲ್ಲಿದೆ. ಲೋಹದ ಮಿಶ್ರಣ, ಕೊಳವೆಯ ಅಗಲ, ಬಾಯಿಯ ಸೀಳು ಇವು ಆ ನಾದವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಉಳಿದ ಹಳೆಯ ಕೊಳವೆಗಳಲ್ಲಿ ಇವೆಲ್ಲ ಇನ್ನೂ ಇವೆ. ಕಳೆದುಹೋದುದನ್ನು ಮತ್ತೆ ಮಾಡಲು ಅಳತೆ ಕೊಡುವ ಸಾಕ್ಷಿಯೂ ಅವೇ. ಇನ್ನೊಂದು ಆಕ್ಷೇಪ ಶ್ರುತಿಯದು. ಇಂದಿನ ಶ್ರುತಿಗಿಂತ ಸುಮಾರು ಒಂದು ಸ್ವರ ಎತ್ತರದಲ್ಲಿ, ಹಳೆಯ ಸ್ವರಾಂತರ ಕ್ರಮದಲ್ಲಿ ಇದನ್ನು ಶ್ರುತಿಗೊಳಿಸಿರುವುದರಿಂದ ನಂತರದ ಕಾಲದ ಎಷ್ಟೋ ಕೃತಿಗಳು ಇಲ್ಲಿ ಒಗ್ಗುವುದಿಲ್ಲ. ನಿಜ, ಆದರೆ ಆ ಕೃತಿಗಳಿಗೆ ಬೇರೆ ಆರ್ಗನ್‌ಗಳು ಸಾಕಷ್ಟಿವೆ. ಹದಿನೇಳನೆಯ ಶತಮಾನದ ಉತ್ತರ ಜರ್ಮನಿಯ ಸಂಗೀತವನ್ನು ಅದರದೇ ನಾದದಲ್ಲಿ ಕೇಳಿಸುವ ಇಷ್ಟು ದೊಡ್ಡ ವಾದ್ಯಗಳು ಬೆರಳೆಣಿಕೆಯಷ್ಟೇ. ಎಲ್ಲಕ್ಕೂ ಒಗ್ಗುವಂತೆ ತಿದ್ದಿದ್ದರೆ ಆ ಸಾಕ್ಷಿಯೇ ಅಳಿಯುತ್ತಿತ್ತು. ಆದ್ದರಿಂದ ಹೊಸ ಭಾಗಗಳು ಎಷ್ಟು ಎಂದು ಎಣಿಸಿ ಜೀರ್ಣೋದ್ಧಾರವನ್ನು ಅಳೆಯಬಾರದು. ಉಳಿದ ಹಳೆಯ ಭಾಗ ಹೇಳಿದಂತೆ ಹೊಸದು ನಡೆದುಕೊಂಡಿದೆಯೇ ಎಂಬುದೇ ಸರಿಯಾದ ಅಳತೆಗೋಲು.